ಕರಡಿಗೆ ಸಿಗದ ಬುತ್ತಿ

ಕೌಂಟರಿನ ಆಚೆ ನಿಂತಿದ್ದ ರೇಂಜರ್ ಹೆಣ್ಣುಮಗಳು ನಮ್ಮನ್ನು ಕೇಳಿದ ಮೊದಲ ಪ್ರಶ್ನೆ, ಎಷ್ಟು ಜನ, ಎಷ್ಟು ರಾತ್ರಿ ಎಂಬುದು. ಎರಡನೆಯದು, ಬುತ್ತಿಯನ್ನು ಯಾವುದರಲ್ಲಿ ಇಡುತ್ತೀರಿ ಎಂಬುದು. ಈ ಎರಡನೆಯದಕ್ಕೆ ಸರಿಯಾದ ಉತ್ತರ ಇಲ್ಲದವರಿಗೆ ಅಲ್ಲಿನ ಕಾಡಿನಲ್ಲಿ ರಾತ್ರಿ ಉಳಿಯಲು ಪರ್ಮಿಟ್ ಸಿಗುವುದಿಲ್ಲ. ನಾವು ಚೀಲದಲ್ಲಿ ಎಂದೆವು. ಆಕೆ ನಕ್ಕು, ಒಳಗಿನಿಂದ ಎರಡು ಕಪ್ಪು ಡಬ್ಬಗಳನ್ನು ತಂದು ಮೇಜಿನ ಮೇಲಿಟ್ಟರು. ಅವು ನಮ್ಮೂರ ಕಡೆ ಹೊಲಕ್ಕೆ ನೀರು ಒಯ್ಯುವ ಸಣ್ಣ ಡ್ರಮ್ಮಿನಂತೆ ದುಂಡಗೆ, ನುಣ್ಣಗೆ ಇದ್ದವು. ಹಿಡಿಯಲು ಹಿಡಿಕೆ ಇಲ್ಲ, ಹಲ್ಲು ಊರಲು ಮೂಲೆ ಇಲ್ಲ. ಮುಚ್ಚಳದಲ್ಲಿ ಎರಡು ಸಣ್ಣ ಗಾಡಿ. ಆ ಗಾಡಿಗೆ ಒಂದು ನಾಣ್ಯ ತೂರಿಸಿ ತಿರುಗಿಸಿದರೆ ಮಾತ್ರ ಮುಚ್ಚಳ ತೆರೆಯುತ್ತದೆ. ಕರಡಿಯ ಹತ್ತಿರ ನಾಣ್ಯ ಇರುವುದಿಲ್ಲ, ಅಷ್ಟೇ ಅದರ ಗುಟ್ಟು.

ಇದು 2024ರ ಸೆಪ್ಟೆಂಬರ್ ತಿಂಗಳ ಮಾತು. ಜಾಗ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಟುವಾಲುಮಿ ಮೆಡೋಸ್. ಸಮುದ್ರಮಟ್ಟದಿಂದ 8,600 ಅಡಿ ಎತ್ತರದಲ್ಲಿರುವ ದೊಡ್ಡ ಹುಲ್ಲುಗಾವಲು ಅದು. ನಾವು ಎಂದರೆ ಇಬ್ಬರು ಅಣ್ಣತಮ್ಮಂದಿರು. ಹಿರಿಯವ ಹೊಸಪೇಟೆ ಕಡೆಯ ಊರಲ್ಲೇ ಉಳಿದು ಕಥೆ ಬರೆದುಕೊಂಡಿರುವವ. ಕಿರಿಯವ ಕಂಪ್ಯೂಟರಿನ ಬೆನ್ನುಹತ್ತಿ ಹೋಗಿ ಇಪ್ಪತ್ತು ವರ್ಷದಿಂದ ಅಲ್ಲಿ ನೆಲೆಸಿದವ. ನಮ್ಮ ಜತೆಗೆ ಕಿರಿಯವನ ಹದಿನಾಲ್ಕು ವರ್ಷದ ಮಗಳು. ಕಾಡಿನ ಕಾಯಿದೆಗಳೆಲ್ಲ ಅವಳ ನಾಲಗೆಯ ತುದಿಯಲ್ಲಿದ್ದವು. ಮೂರು ಹಗಲು, ಎರಡು ರಾತ್ರಿ, ಬೆನ್ನಿಗೆ ಚೀಲ ಹೊತ್ತು ಲೈಯಲ್ ಕಣಿವೆಯಲ್ಲಿ ನಡೆಯುವುದೆಂದು ಹೊರಟಿದ್ದೆವು.

ಡಬ್ಬ ತುಂಬುವ ಕೆಲಸ ಕಾರು ನಿಲ್ಲಿಸಿದಲ್ಲಿ ಶುರುವಾಯಿತು. ಊರಿನಿಂದ ಅಮ್ಮಿ ಕಟ್ಟಿಕೊಟ್ಟಿದ್ದ ಎಳ್ಳು ಹಚ್ಚಿದ ಖಡಕ್ ಸಜ್ಜೆ ರೊಟ್ಟಿಗಳನ್ನು ಹಿರಿಯವ ಏಳು ಸಮುದ್ರ ದಾಟಿಸಿ ತಂದಿದ್ದ. ಒಂದೂ ಮುರಿಯದೆ ಬಂದಿದ್ದವು. ಈಗ ನೋಡಿದರೆ ಡಬ್ಬದ ಬಾಯಿಗಿಂತ ರೊಟ್ಟಿ ಅಗಲ. ವಿಮಾನದವರು ಮುರಿಯದ ರೊಟ್ಟಿಯನ್ನು ನಾವೇ ಕೈಯಾರೆ ಮುರಿದೆವು. ಶೇಂಗಾ ಚಟ್ನಿಪುಡಿ, ಮಾವಿನ ಉಪ್ಪಿನಕಾಯಿ, ಖಜೂರ, ಒಣಗಿಸಿ ಹುರಿದ ಖೀಮಾ, ಅಕ್ಕಿ, ಬೇಳೆ, ಚಹಾಪುಡಿ ಎಲ್ಲವೂ ಒಳಗೆ ಹೋದವು. ಅಷ್ಟಕ್ಕೆ ಮುಗಿಯಿತೆಂದುಕೊಂಡೆವು. ಹುಡುಗಿ ಬಿಡಲಿಲ್ಲ.

“ಬಡೇ ಅಬ್ಬಾ, ಟೂತ್‌ಪೇಸ್ಟ್?”

ಅದೂ ಹೋಯಿತು. ಆಮೇಲೆ ಸಾಬೂನು, ಕೊಬ್ಬರಿ ಎಣ್ಣೆ, ಅಮೃತಾಂಜನದ ಪುಟ್ಟ ಶೀಶೆ. ಕೊನೆಗೆ ಜೇಬಿನಲ್ಲಿದ್ದ ಅತ್ತರು. ಕರಡಿಗೆ ಇದು ತಿನ್ನುವ ವಸ್ತು, ಇದು ಹಚ್ಚಿಕೊಳ್ಳುವ ವಸ್ತು ಎಂಬ ಭೇದ ಗೊತ್ತಿಲ್ಲ. ವಾಸನೆ ಬಂದರೆ ಅದು ಊಟ ಎಂದೇ ಅದರ ಲೆಕ್ಕ ಎಂದು ಅವಳು ಪಾಠ ಹೇಳಿದಳು. ತಿಂದು ಬಿಸಾಡುವ ಕಾಗದ, ಹಣ್ಣಿನ ಸಿಪ್ಪೆ, ಎಂಜಲು ಮೆತ್ತಿದ ಪ್ಲಾಸ್ಟಿಕ್ ಚೀಲ, ಇವೂ ಡಬ್ಬದೊಳಗೇ ಇರಬೇಕು. ಖಜೂರದ ಬೀಜವನ್ನು ಕೂಡ ಉಗುಳುವಂತಿಲ್ಲ. ಉಳಿದ ಬಿರಿಯಾನಿಯನ್ನು ಕಾರಿನ ಡಿಕ್ಕಿಯಲ್ಲಿ ಬಿಡೋಣವೆಂದರೆ ಅದಕ್ಕೂ ಅಡ್ಡಿ. ರಾತ್ರಿ ಕಾರಿನಲ್ಲಿ ಆಹಾರ ಬಿಡುವುದು ಅಲ್ಲಿ ಅಪರಾಧ. ದಾರಿ ಶುರುವಾಗುವಲ್ಲಿ ಸಾಲಾಗಿ ಕಬ್ಬಿಣದ ಪೆಟ್ಟಿಗೆಗಳಿದ್ದವು. ಅದರ ಕೊಂಡಿ ಒಂದು ಗೂಡಿನ ಒಳಗಿರುತ್ತದೆ. ಮನುಷ್ಯನ ಬೆರಳು ಹೋಗುತ್ತದೆ, ಕರಡಿಯ ಪಂಜ ಹೋಗುವುದಿಲ್ಲ. ಬಿರಿಯಾನಿಯನ್ನು ಅಲ್ಲಿಟ್ಟೆವು.

ಇಷ್ಟೆಲ್ಲ ಯಾಕೆ ಎಂಬುದಕ್ಕೆ ಒಂದು ಚರಿತ್ರೆ ಇದೆ. ಈ ಕಾಡಿನ ಮೂಲನಿವಾಸಿಗಳಾದ ಮಿವೋಕ್ ಜನ ಓಕ್ ಮರದ ಕಾಯಿಗಳನ್ನು ವರ್ಷದ ಅನ್ನವಾಗಿ ಕೂಡಿಡುತ್ತಿದ್ದರು. ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಕಣಜ, ಹೊರಗೆ ತೊಗಟೆಯ ಹೊದಿಕೆ, ಹುಳ ಬೀಳದಂತೆ ಒಳಗೆ ಕಹಿ ಸೊಪ್ಪು. ನಮ್ಮ ಸೀಮೆಯ ಹಿರಿಯರು ನೆಲದೊಳಗೆ ಹಗೇವು ತೋಡಿ ಜೋಳ ಮುಚ್ಚಿಡುತ್ತಿದ್ದರಲ್ಲ, ಅದೇ ಜಾಣತನ. 1851ರಲ್ಲಿ ಬಿಳಿಯರ ದಂಡು ಬಂದು ಆ ಕಣಿವೆಯ ಜನರನ್ನು ಓಡಿಸಿತು. 1890ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ನೋಡಲು ಜನ ಬಂದರು, ಹೋಟೆಲು ಬಂದವು, ಹೋಟೆಲಿನ ಹಿಂದೆ ತಿಪ್ಪೆ ಬಂತು. ತಿಪ್ಪೆಗೆ ಕರಡಿ ಬಂತು. ಅದೇ ಒಂದು ತಮಾಷೆಯಾಯಿತು. 1920ರ ದಶಕದ ಹೊತ್ತಿಗೆ ಸಂಜೆ ದೀಪ ಹಾಕಿ, ಕಸ ಸುರಿದು, ಅದನ್ನು ತಿನ್ನುವ ಕರಡಿಗಳನ್ನು ಪ್ರವಾಸಿಗಳಿಗೆ ತೋರಿಸುವ ಏರ್ಪಾಟೇ ಇತ್ತು. ತಮಾಷೆ ನಿಂತರೂ ತಿಪ್ಪೆಗಳು ನಿಲ್ಲಲಿಲ್ಲ. ಕೊನೆಯ ತಿಪ್ಪೆಗುಂಡಿ ಮುಚ್ಚಿದ್ದು 1971ರಲ್ಲಿ.

ಆದರೆ ಮೂರು ತಲೆಮಾರಿನಿಂದ ಬಾಯಿಗೆ ಹತ್ತಿದ ರುಚಿ ಗುಂಡಿ ಮುಚ್ಚಿದರೆ ಹೋಗುತ್ತದೆಯೆ? ಕರಡಿಗಳು ಟೆಂಟಿಗೆ ಬಂದವು, ಕಾರಿಗೆ ಬಂದವು. ಮರದ ಕೊಂಬೆಗೆ ಹಗ್ಗ ಹಾಕಿ ಬುತ್ತಿ ನೇತುಹಾಕುವ ಪದ್ಧತಿಯನ್ನು ಜನ ಕಂಡುಕೊಂಡರು. ಕರಡಿ ಹಗ್ಗ ಕಡಿಯಲು ಕಲಿಯಿತು. ತೆಳ್ಳನೆಯ ಕೊಂಬೆಗೆ ಕಟ್ಟಿದರೆ ತಾಯಿಕರಡಿ ಮರಿಯನ್ನು ಮೇಲೆ ಹತ್ತಿಸಿತು. ಹಾಗಾಗಿ ಇಂದು ಯೊಸೆಮಿಟಿಯಲ್ಲಿ ಬುತ್ತಿಯನ್ನು ಮರಕ್ಕೆ ನೇತುಹಾಕುವುದೇ ನಿಷಿದ್ಧ. 1998ರ ಒಂದೇ ವರ್ಷದಲ್ಲಿ ಕರಡಿಗಳ ಇಂಥ 1,584 ಪ್ರಕರಣಗಳು ದಾಖಲಾದವು. ಆರೂವರೆ ಲಕ್ಷ ಡಾಲರಿಗೂ ಹೆಚ್ಚಿನ ನಷ್ಟ. ಹೆಚ್ಚಿನವು ಕಾರಿನ ಬಾಗಿಲು ಕಿತ್ತ ಪ್ರಕರಣಗಳು. ಕರಡಿಗಳು ಯಾವ ಕಾರನ್ನು ಹೆಚ್ಚು ಒಡೆಯುತ್ತವೆ ಎಂದು ಅಲ್ಲಿನ ವಿಜ್ಞಾನಿಗಳು ಲೆಕ್ಕ ಹಾಕಿ 2009ರಲ್ಲಿ ಪ್ರಕಟಿಸಿದರು. ಮಿನಿವ್ಯಾನ್ ಎಂಬ ಸಂಸಾರಸ್ಥರ ಗಾಡಿಗೇ ಮೊದಲ ಸ್ಥಾನ. ಹಿಂದಿನ ಸೀಟಿನಲ್ಲಿ ಮಕ್ಕಳು ಬಿಸ್ಕತ್ತಿನ ಪುಡಿ, ಹಣ್ಣಿನ ರಸ ಚೆಲ್ಲಿರುತ್ತಾರಲ್ಲ, ಅದೇ ಕಾರಣವಿರಬೇಕೆಂದು ಅವರ ಊಹೆ.

ಇದರಲ್ಲಿ ನಗುವ ಸಂಗತಿ ಇರುವುದು ಇಲ್ಲಿಯವರೆಗೆ. ಮನುಷ್ಯರ ಊಟ ಒಮ್ಮೆ ಸಿಕ್ಕ ಕರಡಿ ಮತ್ತೆ ಬರುತ್ತದೆ. ಮತ್ತೆ ಮತ್ತೆ ಬಂದ ಕರಡಿಗೆ ಹೆದರಿಕೆ ಹೋಗುತ್ತದೆ. ಹೆದರಿಕೆ ಹೋದ ಕರಡಿ ಒಂದು ದಿನ ಟೆಂಟಿನೊಳಗೆ ಕೈ ಹಾಕುತ್ತದೆ. ಆಗ ಅದನ್ನು ಕೊಲ್ಲುತ್ತಾರೆ. ಉಣಿಸಿದ ಕರಡಿ ಎಂದರೆ ಸತ್ತ ಕರಡಿ ಎಂಬ ಮಾತು ಅಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತು. ತಪ್ಪು ಬುತ್ತಿ ಮರೆತವನದು, ಶಿಕ್ಷೆ ಕರಡಿಗೆ. 1999ರಿಂದ ಸರಕಾರ ಇದಕ್ಕೆಂದೇ ವರ್ಷವರ್ಷವೂ ಹಣ ತೆಗೆದಿಟ್ಟಿತು. ಕಬ್ಬಿಣದ ಪೆಟ್ಟಿಗೆಗಳನ್ನು ಹಾಕಿಸಿತು, ಡಬ್ಬ ಕಡ್ಡಾಯ ಮಾಡಿತು, ರಾತ್ರಿ ಗಸ್ತು ತಿರುಗಲು ಜನ ನೇಮಿಸಿತು. ಪ್ರಕರಣಗಳು ಶೇಕಡಾ 90ಕ್ಕಿಂತ ಹೆಚ್ಚು ಇಳಿದವು. ಕರಡಿಯ ಹಳೆಯ ಮೂಳೆ, ಹೊಸ ಕೂದಲು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅವುಗಳ ಹೊಟ್ಟೆಗೆ ಹೋಗುವ ಮನುಷ್ಯರ ಊಟದ ಪಾಲು ನೂರು ವರ್ಷದ ಹಿಂದಿನ ಮಟ್ಟಕ್ಕೆ ಇಳಿದಿದೆಯೆಂದು ತೋರಿಸಿತು. ಒಂದು ಕಾಡಿನ ಕರಡಿಗಳನ್ನು ಭಿಕ್ಷೆಯಿಂದ ಬಿಡಿಸಲು ಬೇಕಾದದ್ದು ಒಂದು ಗಟ್ಟಿ ಮುಚ್ಚಳ ಮತ್ತು ಅದನ್ನು ಮುಚ್ಚುವ ಅಭ್ಯಾಸ.

ಲೈಯಲ್ ಕಣಿವೆಯ ದಾರಿ ಸಮತಟ್ಟು. ಪಕ್ಕದಲ್ಲೇ ನದಿ ಸದ್ದಿಲ್ಲದೆ ಹರಿಯುತ್ತದೆ. ಸೆಪ್ಟೆಂಬರಿನಲ್ಲಿ ಹುಲ್ಲೆಲ್ಲ ಕಟಾವಿಗೆ ಬಂದ ಗೋಧಿಯ ಬಣ್ಣಕ್ಕೆ ತಿರುಗಿತ್ತು. ಬರಿ ಡಬ್ಬವೇ ಸುಮಾರು ಒಂದೂಕಾಲು ಕಿಲೋ. ತುಂಬಿದ ಮೇಲೆ ಅದು ಬೆನ್ನುಮೂಳೆಗೆ ಒತ್ತಿ ಪ್ರತಿ ಹೆಜ್ಜೆಗೂ ತಾನಿದ್ದೇನೆಂದು ನೆನಪಿಸುತ್ತಿತ್ತು. ಕಾಯಿದೆಯ ಪ್ರಕಾರ ನಾಲ್ಕು ಮೈಲಿ ದಾಟಿದ ಮೇಲೆಯೇ ಬಿಡಾರ ಹೂಡಬೇಕು. ನಾವು ಐದು ಮೈಲಿಯ ಹೊತ್ತಿಗೆ ಸುಸ್ತಾಗಿ, ಬಂಡೆಯೊಂದರ ಮಗ್ಗುಲಲ್ಲಿ ಟೆಂಟು ಹಾಕಿದೆವು.

ಹುಡುಗಿ ಡಬ್ಬಕ್ಕೆ ಜಾಗ ಹುಡುಕಿದಳು. ನದಿಯ ಅಂಚಿಗೆ ಬೇಡ, ಕರಡಿ ಉರುಳಿಸಿದರೆ ನೀರಿಗೆ ಬೀಳುತ್ತದೆ. ಇಳಿಜಾರಿಗೆ ಬೇಡ. ಹಗ್ಗ ಕಟ್ಟುವುದಂತೂ ಬೇಡ. ಕಟ್ಟಿದರೆ ಹೊತ್ತೊಯ್ಯಲು ನಾವೇ ಅದಕ್ಕೆ ಹಿಡಿಕೆ ಮಾಡಿಕೊಟ್ಟಂತೆ. ಟೆಂಟಿನಿಂದ ನೂರು ಹೆಜ್ಜೆ ಎಣಿಸಿ, ಎರಡು ಪೈನ್ ಮರಗಳ ನಡುವಿನ ತಗ್ಗಿನಲ್ಲಿ ಅವುಗಳನ್ನು ಇಟ್ಟೆವು.

ಅಲ್ಲಿ ನಮಗೊಂದು ತಕರಾರು ಇತ್ತು. ನಮ್ಮಲ್ಲಿ ಒಬ್ಬರಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಯಾರಿಗೆ ಎಂಬುದು ಬೇಡ, ಇಬ್ಬರೂ ಅಮ್ಮಿಯ ಮಕ್ಕಳೇ. ದಿನವಿಡೀ ನಡೆದರೆ ರಾತ್ರಿ ಸಕ್ಕರೆ ಇಳಿಯುವುದುಂಟು. ಹಾಗಾಗಿ ದಿಂಬಿನ ಕೆಳಗೆ ಬೆಲ್ಲದ ಶೇಂಗಾ ಉಂಡೆ ಇಟ್ಟುಕೊಂಡು ಮಲಗುವುದು ರೂಢಿ. ಆ ರಾತ್ರಿಯೂ ಕರವಸ್ತ್ರದಲ್ಲಿ ಸುತ್ತಿದ ಎರಡು ಉಂಡೆ ಜೇಬಿನಲ್ಲಿ ಕಳ್ಳತನದಿಂದ ಉಳಿದಿದ್ದವು. ಟೆಂಟಿನೊಳಗೆ ಕಾಲು ಚಾಚುವಾಗ ಹುಡುಗಿಯ ಮೂಗು ಅದನ್ನು ಹಿಡಿಯಿತು.

“ಇದು ಇಲ್ಲಿದ್ದರೆ ಅದು ಇಲ್ಲಿಗೇ ಬರುತ್ತೆ.”

“ಔಷಧಿ ಇದ್ದ ಹಾಗೆ, ಮಗಾ ಇದು.”

“ಕರಡಿಗೆ ಅದು ಗೊತ್ತಾಗಲ್ಲ.”

ಅವಳ ಕಣ್ಣಲ್ಲಿ ನೀರಿತ್ತು. ಹಳದಿ-ಹಳದಿ ಎಂಬ ಹೆಣ್ಣುಕರಡಿಯ ಕತೆ ಆಗ ಹೇಳಿದಳು. ನ್ಯೂಯಾರ್ಕ್ ರಾಜ್ಯದ ಅಡಿರಾಂಡ್ಯಾಕ್ ಬೆಟ್ಟಗಳಲ್ಲಿದ್ದ ಅದರ ಕಿವಿಗಳಿಗೆ ಹಳದಿ ಬಿಲ್ಲೆ ಹಾಕಿದ್ದರಿಂದ ಆ ಹೆಸರು. ದೇಶದಲ್ಲೆಲ್ಲ ಮಾರಾಟವಾಗುತ್ತಿದ್ದ, ಯಾವ ಕರಡಿಗೂ ಬಗ್ಗದ ಒಂದು ಬಗೆಯ ಡಬ್ಬದ ಮುಚ್ಚಳವನ್ನು ಅದು ಹಲ್ಲಿನಿಂದ ಒತ್ತಿ ತಿರುಗಿಸಿ ತೆರೆಯುವುದನ್ನು ಕಲಿತಿತ್ತು. ಕಂಪನಿಯವರು ಮುಚ್ಚಳಕ್ಕೆ ಇನ್ನೊಂದು ಕೊಂಡಿ ಸೇರಿಸಿದರು. ಅದನ್ನೂ ತೆರೆಯಿತು. ಎಂಜಿನಿಯರುಗಳನ್ನು ಸೋಲಿಸಿದ ಆ ಕರಡಿ 2012ರ ಬೇಟೆಯ ಕಾಲದಲ್ಲಿ ಒಬ್ಬ ಬೇಟೆಗಾರನ ಗುಂಡಿಗೆ ಬಿತ್ತು. ಡಬ್ಬಗಳನ್ನು ಪರೀಕ್ಷಿಸುವವರೂ ಕರಡಿಗಳೇ ಎಂದು ಅವಳು ಹೇಳಿದಳು. ಮೊಂಟಾನಾ ರಾಜ್ಯದ ಒಂದು ಕೇಂದ್ರದಲ್ಲಿ, ಮನುಷ್ಯರ ಊಟಕ್ಕೆ ಹೊಂದಿಕೊಂಡು ಕಾಡಿನಲ್ಲಿರಲು ಜಾಗವಿಲ್ಲದ ಗ್ರಿಜ್ಲಿ ಕರಡಿಗಳನ್ನು ಇಟ್ಟಿದ್ದಾರೆ. ಡಬ್ಬದೊಳಗೆ ತಿಂಡಿ ತುಂಬಿ ಅವುಗಳ ಮುಂದೆ ಹಾಕುತ್ತಾರೆ. ಅವು ಒಟ್ಟು ಅರವತ್ತು ನಿಮಿಷ ಕಚ್ಚಿ, ಜಗ್ಗಿ, ಮೇಲೆ ಕುಣಿದರೂ ಒಡೆಯದಿದ್ದರೆ ಡಬ್ಬ ಪಾಸು. ಕೆಟ್ಟ ಹೆಸರು ಪಡೆದ ಕರಡಿಗಳು ಉಳಿದ ಕರಡಿಗಳಿಗೆ ಆ ಹೆಸರು ಬರದಂತೆ ಪರೀಕ್ಷಕರಾಗಿ ಕೂತಿವೆ.

ಉಂಡೆಗಳನ್ನು ಒಯ್ದು ಡಬ್ಬದೊಳಗಿಟ್ಟು ಬಂದೆವು. ಮಲಗುವ ಮುನ್ನ ಒಂದು ಉಂಡೆ ತಿಂದದ್ದಾಯಿತು.

ಎಷ್ಟು ಹೊತ್ತಿಗೋ ಎಚ್ಚರವಾಯಿತು. ಮೈಯೆಲ್ಲ ಬೆವರು, ನಾಲಗೆ ದಪ್ಪ, ಕೈಬೆರಳು ನಡುಗುತ್ತಿವೆ. ಆ ನಡುಕ ನಮಗೆ ಹಳೆಯ ಪರಿಚಯ. ಎದ್ದು ಕೂತಾಗ ದೂರದಿಂದ ಒಂದು ಸದ್ದು ಕೇಳಿತು. ಖಾಲಿ ಬಿಂದಿಗೆಯನ್ನು ಕಲ್ಲಿನ ಮೇಲೆ ಯಾರೋ ಉರುಳಿಸಿದಂಥ ಸದ್ದು. ನಿಲ್ಲುವುದು, ಮತ್ತೆ ಉರುಳುವುದು. ನಮಗೆ ಬೇಕಾದ ಬೆಲ್ಲ ಆ ಡಬ್ಬದಲ್ಲಿತ್ತು. ಅದೇ ಬೆಲ್ಲದ ಮೇಲೆ ಇನ್ನೊಬ್ಬರ ಕಣ್ಣೂ ಬಿದ್ದಿತ್ತು.

ಮೂವರೂ ಹೊರಗೆ ಬಂದೆವು. ಒಟ್ಟಿಗೆ ನಿಲ್ಲಬೇಕು, ದೊಡ್ಡದಾಗಿ ಕಾಣಬೇಕು, ಗದ್ದಲ ಮಾಡಬೇಕು, ಹತ್ತಿರ ಹೋಗಬಾರದು, ಅದರ ವಶವಾದ ಊಟವನ್ನು ಕಿತ್ತುಕೊಳ್ಳಲು ಹೋಗಲೇಬಾರದು ಎಂದು ರೇಂಜರ್ ಹೇಳಿಕೊಟ್ಟಿದ್ದರು. ಪಾತ್ರೆ ಬಡಿದೆವು. ಇಪ್ಪತ್ತು ವರ್ಷ ಇಂಗ್ಲಿಷಿನಲ್ಲೇ ಬದುಕಿದ ಕಿರಿಯವನ ಬಾಯಿಂದ ಬಂದದ್ದು, ನಮ್ಮೂರ ಹೊಲದಲ್ಲಿ ಹಂದಿ ಓಡಿಸುವ ಕೂಗು. ಟಾರ್ಚಿನ ಬೆಳಕಿನಲ್ಲಿ ಎರಡು ಕಣ್ಣು ಮಿನುಗಿದವು. ಹೆಸರಿಗೆ ಕಪ್ಪು ಕರಡಿ, ಬಣ್ಣ ಮಾತ್ರ ಹಳೆಯ ಬೆಲ್ಲದ್ದು. ಅದು ಡಬ್ಬದ ಮೇಲೆ ಒಂದು ಪಂಜ ಇಟ್ಟುಕೊಂಡು ನಮ್ಮನ್ನು ನೋಡಿತು. ಕೋಪವೇನೂ ಕಾಣಲಿಲ್ಲ. ಚಳಿಗಾಲ ಬರುವ ಮುನ್ನ ಮೈಯಲ್ಲಿ ಕೊಬ್ಬು ಕೂಡಿಹಾಕುವ ಆತುರದ ತಿಂಗಳು ಅದು. ಆ ಕಾಲದಲ್ಲಿ ಕರಡಿ ಹಗಲಿರುಳೂ ತಿನ್ನುತ್ತಲೇ ಇರುತ್ತದೆ. ಹಸಿವಾದವರ ಮುಖ ಯಾರದಾದರೂ ಒಂದೇ. ಸ್ವಲ್ಪ ಹೊತ್ತು ನಿಂತು, ಬೇಸರವಾದಂತೆ ತಿರುಗಿ, ಕತ್ತಲೆಯೊಳಗೆ ಹೋಯಿತು.

“ಕಿವಿಯಲ್ಲಿ ಬಿಲ್ಲೆ ಇಲ್ಲ,” ಎಂದಳು ಹುಡುಗಿ. ಅಂದರೆ ಅದರ ಮೇಲೆ ಇನ್ನೂ ಯಾವ ದೂರೂ ಇದ್ದಂತಿಲ್ಲ.

ಅದು ಹೋಯಿತೆಂದು ಖಾತ್ರಿಯಾಗುವವರೆಗೆ ಕಾದು ಡಬ್ಬದ ಹತ್ತಿರ ಹೋದೆವು. ಸಕ್ಕರೆ ಇಳಿದವರ ಜೇಬಿನಲ್ಲಿ ಊರಿನ ಒಂದು ರೂಪಾಯಿ ನಾಣ್ಯವಿತ್ತು. ಗಾಡಿಗೆ ತೂರಿಸಲು ಹೋದರೆ ಕೈ ನಡುಗಿ ನಾಣ್ಯ ಜಾರಿತು. ಮತ್ತೆ ಹಿಡಿದರೆ ಮತ್ತೆ ಜಾರಿತು. ಕರಡಿಗೆಂದು ಮಾಡಿದ ಬೀಗ ನಮ್ಮನ್ನೂ ಹೊರಗೆ ನಿಲ್ಲಿಸಿತ್ತು. ಆ ಅರೆಗಳಿಗೆಯಲ್ಲಿ ಕರಡಿಗೂ ನಮಗೂ ಏನು ವ್ಯತ್ಯಾಸ? ವ್ಯತ್ಯಾಸ ಇಷ್ಟೇ, ನಮಗೆ ಪಕ್ಕದಲ್ಲಿ ಒಡಹುಟ್ಟಿದವನಿದ್ದ. ಅವನು ನಾಣ್ಯ ತೆಗೆದುಕೊಂಡು ತಿರುಗಿಸಿದ. ಉಂಡೆ ಬಾಯಿಗೆ ಬಿತ್ತು, ಮೇಲೆ ಎರಡು ಖಜೂರ. ಹತ್ತು ನಿಮಿಷದಲ್ಲಿ ಜೀವ ಮರಳಿತು. ಹುಡುಗಿ ಅಲ್ಲೇ ಕೂತು ಬಿಕ್ಕುತ್ತಿದ್ದಳು. ತಪ್ಪು ತನ್ನದೆಂದು ಅವಳ ಭಾವನೆ. ಉಂಡೆ ಟೆಂಟಿನಲ್ಲಿದ್ದಿದ್ದರೆ ಆ ಪಂಜ ಟೆಂಟಿನ ಮೇಲಿರುತ್ತಿತ್ತು ಎಂದು ಸಮಾಧಾನ ಹೇಳಿದೆವು. ಅದು ಸಮಾಧಾನದ ಮಾತಷ್ಟೇ ಆಗಿರಲಿಲ್ಲ, ನಿಜವೂ ಆಗಿತ್ತು. ಆದರೂ ಕಾಯಿದೆ ಮಾಡುವವರು ಸಕ್ಕರೆ ಕಾಯಿಲೆಯವರನ್ನೂ ನೆನೆಯಬೇಕು ಎಂದು ನಮ್ಮಲ್ಲೊಬ್ಬರು ಗೊಣಗಿದ್ದುಂಟು. ಮಾರನೆಯ ರಾತ್ರಿ ನಾವೇ ದಾರಿ ಕಂಡುಕೊಂಡೆವು. ಮಲಗುವ ಮುನ್ನ ಹೊಟ್ಟೆ ತುಂಬ ಖಿಚಡಿ, ಎರಡು ಗಂಟೆಗೆ ಅಲಾರಾಂ, ಮೂವರೂ ಟಾರ್ಚು ಹಿಡಿದು ಡಬ್ಬದವರೆಗೆ ಒಂದು ಮೆರವಣಿಗೆ.

ಮತ್ತೆ ನಿದ್ದೆ ಬರಲಿಲ್ಲ. ಚಹಾ ಕಾಯಿಸಿಕೊಂಡು ಕೂತಾಗ ಇಬ್ಬರಿಗೂ ನೆನಪಾದದ್ದು ಒಂದೇ ಕರಡಿ.

ನಾವು ಚಿಕ್ಕವರಿದ್ದಾಗ, ಸುಗ್ಗಿ ಮುಗಿದ ಮೇಲೆ ನಮ್ಮ ಓಣಿಗೆ ಕಲಂದರ್ ಬರುತ್ತಿದ್ದ. ಒಂದು ಕೈಯಲ್ಲಿ ಡಮರು, ಇನ್ನೊಂದರಲ್ಲಿ ಹಗ್ಗ, ಹಗ್ಗದ ತುದಿಗೆ ಕರಡಿ. ಉರ್ದು ಶಾಲೆಯ ಕಾಯಿದಾ ಪುಸ್ತಕದಲ್ಲಿ ‘ರೇ’ ಅಕ್ಷರಕ್ಕೆ ರೀಛ್ ಎಂದು ಬರೆದು ಕರಡಿಯ ಚಿತ್ರ ಹಾಕಿದ್ದರು. ಆ ಚಿತ್ರವೇ ಎದ್ದು ಬಂದಂತೆ ನಮಗೆ ಖುಶಿ. ಅದು ಎರಡು ಕಾಲ ಮೇಲೆ ನಿಲ್ಲುತ್ತಿತ್ತು, ಸಲಾಮು ಮಾಡುತ್ತಿತ್ತು, ನೆಲದ ಮೇಲೆ ಎಸೆದ ಹತ್ತು ಪೈಸೆಯ ಬಳಿ ಹೋಗಿ ಮೂಗು ಇಡುತ್ತಿತ್ತು. ಅಮ್ಮಿ ಒಂದು ಸೇರು ಜೋಳವನ್ನು ಅವನ ಜೋಳಿಗೆಗೆ ಸುರಿದು, ಬೆಲ್ಲದ ತುಂಡನ್ನು ನಮ್ಮ ಕೈಗೆ ಕೊಟ್ಟು ಕರಡಿಗೆ ಹಾಕಲು ಹೇಳುತ್ತಿದ್ದರು. “ಜಾನ್‌ವರ್ ಬೀ ಭೂಕಾ ಹೈ, ಮಾಲಕ್ ಬೀ ಭೂಕಾ ಹೈ” ಎನ್ನುವುದು ಅವರ ಮಾತು. ಪ್ರಾಣಿಗೂ ಹಸಿವು, ಒಡೆಯನಿಗೂ ಹಸಿವು. ರಾತ್ರಿ ಹೆದರಿ ಏಳುತ್ತಿದ್ದ ಕಿರಿಯವನ ಕೊರಳಿಗೆ ಅವನು ಕರಡಿಯ ಕೂದಲು ಹಾಕಿದ ತಾಯಿತ ಕಟ್ಟಿಕೊಟ್ಟಿದ್ದ. ಹಗ್ಗ ಅದರ ಕೊರಳಿಗಲ್ಲ, ಮೂತಿಯನ್ನು ತೂತು ಮಾಡಿ ಪೋಣಿಸಿದ್ದು ಎಂಬುದನ್ನು ನಾವು ನೋಡಿದ್ದೆವು. ನೋಡಿದ್ದೂ ಬೆಲ್ಲ ಕೊಟ್ಟಿದ್ದೆವು. ಬೆಲ್ಲ ಕೊಟ್ಟೆವೆಂಬ ಸಮಾಧಾನದಲ್ಲಿ ಹಗ್ಗ ಮರೆತುಹೋಗುತ್ತಿತ್ತು.

ಮರಿಯನ್ನು ಹಿಡಿಯಲು ತಾಯಿಯನ್ನು ಕೊಲ್ಲುತ್ತಿದ್ದರು, ಕಾದ ಕಬ್ಬಿಣದಿಂದ ಮೂತಿ ಚುಚ್ಚುತ್ತಿದ್ದರು, ಹಲ್ಲು ಕೀಳುತ್ತಿದ್ದರು ಎಂಬುದೆಲ್ಲ ತಿಳಿದದ್ದು ದೊಡ್ಡವರಾದ ಮೇಲೆ. 1972ರ ಕಾಯಿದೆಯೇ ಇದನ್ನು ನಿಷೇಧಿಸಿತ್ತು. ಆದರೂ ಇನ್ನೂ ಮೂರು ದಶಕ ಡಮರು ಬಾರಿಸುತ್ತಲೇ ಇತ್ತು. ಕಾಯಿದೆ ಕರಡಿಯ ಬಗ್ಗೆ ಬರೆದಿತ್ತು, ಕಲಂದರನ ಹೊಟ್ಟೆಯ ಬಗ್ಗೆ ಬರೆದಿರಲಿಲ್ಲ. ಅವನು ನಮ್ಮ ಧರ್ಮದವನೇ. ಆದರೆ ಮಸೀದಿಯ ಜಗಲಿಯಲ್ಲಿ ಮಲಗಲು ಜಾಗ ಕೊಟ್ಟ ನಮ್ಮ ಜನ ಅವನ ಮಕ್ಕಳಿಗೆ ಶಾಲೆಯಲ್ಲಿ ಜಾಗ ಹುಡುಕಲಿಲ್ಲ. ವೈಲ್ಡ್‌ಲೈಫ್ ಎಸ್‌ಓಎಸ್ ಎಂಬ ಸಂಸ್ಥೆಯವರು ಕರಡಿ ಒಪ್ಪಿಸಿದ ಕುಟುಂಬಗಳಿಗೆ ಬೇರೆ ಕಸುಬಿಗೆ ಬಂಡವಾಳ ಕೊಡುವ, ಮಕ್ಕಳನ್ನು ಓದಿಸುವ ದಾರಿ ಹಿಡಿದ ಮೇಲೆಯೇ ಹಗ್ಗಗಳು ಬಿಚ್ಚಿದ್ದು. ಆರುನೂರಕ್ಕೂ ಹೆಚ್ಚು ಕರಡಿಗಳು ಹಾಗೆ ಬಿಡುಗಡೆಯಾದವು. ಕೊನೆಯ ಕುಣಿಯುವ ಕರಡಿಯೆಂದು ಹೇಳುವ ರಾಜು ಎಂಬುದು 2009ರ ಡಿಸೆಂಬರಿನಲ್ಲಿ ನಮ್ಮ ಬನ್ನೇರುಘಟ್ಟಕ್ಕೇ ಬಂದು ಸೇರಿತು.

ಕಿರಿಯವ ರಜೆಗೆ ಬಂದಿದ್ದಾಗ ನಾವು ಒಮ್ಮೆ ಬನ್ನೇರುಘಟ್ಟಕ್ಕೆ ಹೋಗಿದ್ದೆವು. ಬೇಲಿಯ ಆಚೆ ಒಂದು ಮುದಿ ಕರಡಿ ಮರದ ಕೆಳಗೆ ನಿಂತು ಎಡಕ್ಕೆ ಬಲಕ್ಕೆ ತೂಗುತ್ತಿತ್ತು. ಡಮರು ಇರಲಿಲ್ಲ, ಹಗ್ಗ ಇರಲಿಲ್ಲ. ಆದರೂ ತೂಗುತ್ತಿತ್ತು. ಅದರ ಹಿಂದಿನ ಕತೆ ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಂಥ ಕರಡಿಗಳಿಗೆ ಕಾಡಿಗೆ ಮರಳುವ ದಾರಿ ಇಲ್ಲ. ಗೆದ್ದಲು ಹುತ್ತ ಕೆದಕಿ ಉಣ್ಣಲು ಕಲಿಸಬೇಕಾದ ತಾಯಿ ಎಂದೋ ಹೋಯಿತು. ಅವುಗಳಿಗೆ ಗೊತ್ತಿರುವುದು ಮನುಷ್ಯನ ಕೈಯಿಂದ ಬರುವ ಅನ್ನ ಮಾತ್ರ.

ಊರಿನ ಹತ್ತಿರದ ದರೋಜಿ ಕರಡಿಧಾಮ 1994ರಲ್ಲಿ ಆದದ್ದು. ಅಲ್ಲಿಗೂ ನಾವು ಮಕ್ಕಳನ್ನು ಕರೆದುಕೊಂಡು ಹೋಗಿದ್ದೇವೆ. ಮಧ್ಯಾಹ್ನ ಬಂಡೆಗಳ ಮೇಲೆ ಬೆಲ್ಲದ ಪಾಕ ಬಳಿದಿರುತ್ತಿದ್ದರು. ಸಂಜೆ ಕರಡಿಗಳು ಬಂದು ನೆಕ್ಕುವುದನ್ನು ದೂರದ ಗೋಪುರದಿಂದ ನೋಡಿ ನಾವೂ ಚಪ್ಪಾಳೆ ತಟ್ಟಿದ್ದೆವು. ಯೊಸೆಮಿಟಿಯ ತಿಪ್ಪೆಯ ಕತೆ ಕೇಳಿದ ಮೇಲೆ ಆ ಚಪ್ಪಾಳೆ ಕಿವಿಯಲ್ಲಿ ಬೇರೆ ಥರ ಕೇಳುತ್ತದೆ. ನಮ್ಮ ಕರಡಿ ಬೇರೆ ಜಾತಿಯದು, ಪಾತ್ರೆ ಬಡಿದರೆ ಹೋಗುವಷ್ಟು ಸಾಧುವಲ್ಲ. ಅದಕ್ಕೆ ಬೇಕಾದ ಬಾರೆ, ಕವಳೆ, ಜೇನು, ಗೆದ್ದಲು ಇರುವ ಗುಡ್ಡಗಳು ಗಣಿಗೆ, ಹೊಲಕ್ಕೆ ಕರಗಿದಷ್ಟೂ ಅದು ಶೇಂಗಾ, ಮೆಕ್ಕೆಜೋಳಕ್ಕೆ ಇಳಿಯುತ್ತದೆ. ಬೆಳಗಿನ ಜಾವ ಚೊಂಬು ಹಿಡಿದು ಹೊರಗೆ ಹೋದವರ ಮುಖ ಸೀಳಿದ್ದನ್ನು ನಾವು ಊರಲ್ಲೇ ಕಂಡಿದ್ದೇವೆ. ಬೆನ್ನಿಗೆ ಚೀಲ ಹಾಕಿಕೊಂಡು ಮಜಾಕ್ಕೆ ಕಾಡಿಗೆ ಹೋಗುವವನ ಬುತ್ತಿಗೆ ಡಬ್ಬವಿದೆ. ಎರಡು ಎಕರೆ ಶೇಂಗಾ ಇರುವವನು ಅದನ್ನು ಯಾವ ಡಬ್ಬದಲ್ಲಿ ಮುಚ್ಚಿಡಬೇಕು? ಅವನ ಹತ್ತಿರ ಇರುವುದು ಒಂದು ತಗಡು, ಒಂದು ಕೋಲು, ಪಟಾಕಿ ಮತ್ತು ರಾತ್ರಿಯ ನಿದ್ದೆಗೇಡು. ಅಲ್ಲಿ ಮುಚ್ಚಳ ಕೆಲಸ ಮಾಡಿದ್ದು ಅದರ ಹಿಂದೆ ಸರಕಾರದ ಹಣ, ಜನರ ಶಿಸ್ತು, ಕರಡಿಗೆ ಸಾಕಾಗುವಷ್ಟು ಕಾಡು ಮೂರೂ ಇದ್ದದ್ದರಿಂದ. ಇಲ್ಲಿ ಆ ಮೂರರ ಲೆಕ್ಕ ಆಗಬೇಕು.

ಆದರೂ ಒಂದು ಮಾತು ಆ ಬೆಳಗಿನ ಚಹಾದ ಮುಂದೆ ಇಬ್ಬರಿಗೂ ಹೊಳೆಯಿತು. ಅನ್ನ ಕೊಡುವುದು ದೊಡ್ಡದೆಂದು ನಮಗೆ ಮನೆಯಲ್ಲಿ ಕಲಿಸಿದ್ದಾರೆ. ಹಸಿದು ಬಂದ ಮನುಷ್ಯನ ವಿಷಯದಲ್ಲಿ ಅದು ಇಂದಿಗೂ ಸರಿ. ಆದರೆ ಕಾಡಿನ ಜೀವದ ವಿಷಯದಲ್ಲಿ ಕೊಡದೆ ಇರುವುದೇ ಕರುಣೆ. ಕೊಟ್ಟಾಗ ಕಣ್ಣಿಗೆ ಕಾಣುವ ಸಂತೋಷ ಸಿಗುತ್ತದೆ. ಕೊಡದೆ ಡಬ್ಬ ಮುಚ್ಚಿ ಬಂದವನಿಗೆ ಏನೂ ಸಿಗುವುದಿಲ್ಲ, ಕರಡಿ ಅವನನ್ನು ನೆನೆಯುವುದೂ ಇಲ್ಲ. ನೆನೆಯದೆ ಇರಲೆಂದೇ ಅಷ್ಟು ಕಷ್ಟ.

ಬೆಳಕು ಹರಿದ ಮೇಲೆ ಡಬ್ಬ ನೋಡಿದೆವು. ಇಟ್ಟ ಜಾಗದಿಂದ ಮೂವತ್ತು ಹೆಜ್ಜೆ ಉರುಳಿತ್ತು. ನುಣ್ಣನೆಯ ಕಪ್ಪು ಮೈಮೇಲೆ ನಾಲ್ಕು ಗೀರು, ಮುಚ್ಚಳದ ಅಂಚಿನಲ್ಲಿ ಹಲ್ಲು ಜಾರಿದ ಗುರುತು. ಅದರ ಪಕ್ಕದಲ್ಲೇ ಹಳೆಯ ಗೀರುಗಳೂ ಇದ್ದವು, ಹಿಂದಿನ ದಿನ ನಾವು ಗಮನಿಸಿರಲಿಲ್ಲ. ನಮ್ಮ ಹಾಗೆ ಎಷ್ಟೋ ಜನರ ಬುತ್ತಿಯನ್ನು ಅದು ಕಾದಿರಬೇಕು. ಒಳಗೆ ಅಮ್ಮಿಯ ರೊಟ್ಟಿ ಪುಡಿಪುಡಿಯಾಗಿತ್ತು. ಉಪ್ಪಿನಕಾಯಿಯ ಜತೆ ಕಲಸಿ ತಿಂದೆವು.

ಮೂರನೆಯ ದಿನ ಮಧ್ಯಾಹ್ನ ಅದೇ ಕೌಂಟರಿಗ�� ಹೋಗಿ ರಾತ್ರಿಯ ಸಂಗತಿ ವರದಿ ಮಾಡಿದೆವು. ಕರಡಿಗೆ ಏನಾದರೂ ಸಿಕ್ಕಿತೆ ಎಂದು ಆಕೆ ಕೇಳಿದರು. ಏನೂ ಸಿಗಲಿಲ್ಲ ಎಂದೆವು. ಕಿವಿಯ ಬಿಲ್ಲೆ ಕೇಳಿದರು. ಇರಲಿಲ್ಲ ಎಂದಳು ಹುಡುಗಿ. ಆಕೆ ಬರೆದುಕೊಂಡರು. ಆಮೇಲೆ ಡಬ್ಬಗಳನ್ನು ತೆಗೆದುಕೊಂಡು, ಹೊಸ ಗೀರಿನ ಮೇಲೆ ಹೆಬ್ಬೆರಳು ಆಡಿಸಿ, ಒದ್ದೆ ಬಟ್ಟೆಯಿಂದ ಒಳಗೆಲ್ಲ ಒರೆಸಿ, ಹಿಂದಿನ ಕಪಾಟಿನಲ್ಲಿ ಉಳಿದ ಡಬ್ಬಗಳ ಸಾಲಿಗೆ ಇಟ್ಟರು. ನಮ್ಮ ಹಿಂದೆ ನಿಂತಿದ್ದ ಇಬ್ಬರು ಹುಡುಗರು ಪರ್ಮಿಟ್ಟಿಗೆ ಬಂದಿದ್ದರು. ಎಷ್ಟು ಜನ, ಎಷ್ಟು ರಾತ್ರಿ ಎಂದು ಆಕೆ ಅವರನ್ನು ಕೇಳತೊಡಗಿದರು.